ನುಂಗದ ತುತ್ತು

ಹೋದ ತಿಂಗಳು ನಮ್ಮ ಖಾನಾವಳಿಗೆ ಒಂದು ಎಳೆಯ ಜೋಡಿ ಊಟಕ್ಕೆ ಬಂದಿತ್ತು. ಜೊತೆಗೆ ಮೂರು ವರ್ಷದ ಮಗ. ನಾನು ಅವರಿಗೆ ಬೆನ್ನು ಮಾಡಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಿಂದಿನಿಂದ ಒಂದೇ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು. "ನುಂಗು. ನುಂಗ್ತಿಯೋ ಇಲ್ಲೋ? ನುಂಗು." ತಿರುಗಿ ನೋಡಿದರೆ ತಾಯಿ ಮಗನ ಉಬ್ಬಿದ ಕೆನ್ನೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಿದ್ದಳು. ಹುಡುಗನ ಬಾಯಿ ಅರ್ಧ ತೆರೆದೇ ಇತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು, ಉಸಿರಿಗೊಮ್ಮೆ ಗಂಟಲಲ್ಲಿ ಗರಗರ ಸದ್ದು. ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದೆ. ಅವರ ಪಕ್ಕದಲ್ಲಿ ಕೂತು, ಅವರು ಕೇಳದಿದ್ದರೂ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಆ ಹೆಣ್ಣುಮಗಳು ಮೊದಲು ಸಿಟ್ಟಾದಳು, ಆಮೇಲೆ ಅತ್ತಳು, ಹೋಗುವಾಗ ರಾಯಚೂರಿನ ಡಾಕ್ಟರರ ವಿಳಾಸ ಕೇಳಿಕೊಂಡು ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಅಷ್ಟರಲ್ಲಿ ಕರಕಲಾಗಿತ್ತು.

ಅವರು ಹೋದ ಮೇಲೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಮ್ಮ ಅಂಜಲಿಗೆ ನಾಲ್ಕು ತುಂಬಿದ ವರ್ಷ ನೆನಪಾಯಿತು. ದಸರೆಯ ಬೆನ್ನಿಗೆ ಬರುವ ಸೀಗಿ ಹುಣ್ಣಿಮೆಗೆ ಶುರುವಾಗಿ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮುಗಿದ ಆ ಚಳಿಗಾಲ.

ನಮ್ಮದು ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯ ಸಣ್ಣ ಖಾನಾವಳಿ. ಮುಂದೆ ಐದಾರು ಟೇಬಲ್ಲು, ಹಿಂದೆ ನಮ್ಮ ಮನೆ, ನಡುವೆ ಒಲೆ. ರೊಟ್ಟಿ ನನ್ನದು, ಪಲ್ಯ ಸಾರು ನಮ್ಮ ಮನೆಯವರದು. ಉಣ್ಣಲು ಬರುವವರಲ್ಲಿ ಬಹಳಷ್ಟು ಜನ ಬೇರೆ ಊರಿನಿಂದ ನೌಕರಿಗೆ ಬಂದು ರೂಮು ಮಾಡಿಕೊಂಡಿರುವವರು. ಮಾಸ್ತರರು, ಕೋರ್ಟಿನವರು, ಬಸ್ಸಿನವರು. ತಮ್ಮ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಇವರಿಗೆಲ್ಲ ನಮ್ಮ ಮಗಳು ಸಿಕ್ಕಿದ್ದಳು. ಅವಳು ನಡೆಯಲು ಕಲಿತಾಗಿನಿಂದ ನಮ್ಮಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದುಬಿಟ್ಟಿತ್ತು. ಯಾರೇ ಊಟಕ್ಕೆ ಕೂತರೂ ಮೊದಲ ತುತ್ತು ಅಂಜಲಿಗೆ. ಅವಳು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಬಾಯಿ ತೆರೆಯುವಳು, ಅವರು ಹಾಕುವರು, ಅವಳು ಕೆನ್ನೆ ಉಬ್ಬಿಸಿಕೊಂಡು ಮುಂದಿನ ಟೇಬಲ್ಲಿಗೆ ಹೋಗುವಳು. ಕಂಡಕ್ಟರ್ ಖಾಜಾಸಾಬರಂತೂ ಅವಳು ಬರುವತನಕ ರೊಟ್ಟಿ ಮುರಿಯುತ್ತಿರಲಿಲ್ಲ. "ಬರ್ರಿ ತಪಾಸಣಿ ಸಾಹೇಬರ," ಎನ್ನುತ್ತಿದ್ದರು, "ಇವತ್ತಿನ ಪಲ್ಯಾ ಪಾಸೋ ಫೇಲೋ ಹೇಳಿ ಹೋಗ್ರಿ."

ಇಷ್ಟು ಜನರ ಕೈಯಿಂದ ಉಣ್ಣುವ ಕೂಸಿಗೆ ಊಟ ಕಡಿಮೆಯಾದೀತು ಎಂದು ಯಾರಿಗೆ ಹೊಳೆಯಬೇಕು? ನಾನು ಗಂಗಾಳದಲ್ಲಿ ಕಲಸಿಕೊಂಡು ಕರೆದರೆ, "ಖಾಜಾ ಮಾಮಾ ಉಣಿಸ್ಯಾನ, ಹೊಟ್ಟಿ ತುಂಬ್ಯಾದ" ಎನ್ನುತ್ತಿದ್ದಳು. ಸರಿ, ಉಂಡಿದ್ದಾಳೆ ಎಂದು ನಾನು ಮತ್ತೆ ಹಂಚಿನ ಕಡೆ ತಿರುಗುತ್ತಿದ್ದೆ. ಮಧ್ಯಾಹ್ನದ ಹೊತ್ತಿನಲ್ಲಿ ನನಗೆ ತಲೆ ತುರಿಸಿಕೊಳ್ಳಲೂ ಬಿಡುವಿರುವುದಿಲ್ಲ.

ಆದರೂ ಹುಡುಗಿ ಮೈ ಹಿಡಿಯಲೇ ಇಲ್ಲ. ಕಾಲು ಕಟ್ಟಿಗೆಯಂತೆ ಸಣ್ಣಗಿದ್ದವು. ವಾರಿಗೆಯ ಮಕ್ಕಳೆಲ್ಲ ಎತ್ತರವಾಗುತ್ತಿದ್ದರೆ ಇವಳ ಹೋದ ವರ್ಷದ ಲಂಗ ಈ ವರ್ಷವೂ ಸರಿಯಾಗುತ್ತಿತ್ತು. ಸಾಲದ್ದಕ್ಕೆ ತಿಂಗಳಿಗೊಮ್ಮೆ ಗಂಟಲು ನೋವು, ಜ್ವರ, ಔಷಧ. ಯಾವಾಗಲೂ ಬಾಯಿ ತೆರೆದೇ ಇರುತ್ತಿದ್ದಳು, ನೆಗಡಿ ಎಂದುಕೊಂಡೆವು. ಮಲಗಿದರೆ ಗೊರಕೆ, ಅಪ್ಪನ ಮಗಳು ಎಂದು ನಕ್ಕೆವು. "ಊರಿಗೆಲ್ಲ ಉಣಿಸ್ತೀರಿ ಅಕ್ಕಾರ, ಮನ್ಯಾಗಿನ ಕೂಸಿಗಿ ಸಲ್ಪ ಉಣಿಸ್ರಿ," ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಮೇಲೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಖಾನಾವಳಿ ನಡೆಸುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ರುಚಿಗೇ ಹೋಗುತ್ತದೆ. ಉಣ್ಣದವರಿಗೆ ರುಚಿ ಹಿಡಿಸಿಲ್ಲ ಎಂದೇ ನಮ್ಮ ಲೆಕ್ಕ. ಹಾಗಾಗಿ ದಿನಕ್ಕೊಂದು ಬಗೆ ಮಾಡಿದೆ. ಖಾರ ತೆಗೆದೆ, ತುಪ್ಪ ಹಚ್ಚಿದೆ, ಬೆಲ್ಲ ಹಾಕಿದೆ, ಬಿಲ್ಲೆ ಗಾತ್ರದ ಸಣ್ಣ ರೊಟ್ಟಿ ಬಡಿದುಕೊಟ್ಟೆ. ಅವಳು ಎಲ್ಲವನ್ನೂ ಖುಷಿಯಿಂದಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ನೋಡಿರಲಿಲ್ಲ.

ಆ ವರ್ಷದ ಸೀಗಿ ಹುಣ್ಣಿಮೆಗೆ ಗಿರಾಕಿಗಳೆಲ್ಲ ತಮ್ಮ ತಮ್ಮ ಊರಿಗೆ, ಹೊಲದ ಪೂಜೆಗೆ ಹೋಗಿದ್ದರು. ಖಾನಾವಳಿ ಮುಚ್ಚಿದ್ದೆವು. ಬಹಳ ದಿನಗಳ ಮೇಲೆ ನಾನು, ಮನೆಯವರು, ಮಗಳು ಮೂವರೇ ಕೂತು ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಅಂಜಲಿಯ ಬಾಯಿಗೆ ನಾನೇ ಹೋಳಿಗೆ ಇಟ್ಟೆ. ತಿಂದಳು ಎಂದುಕೊಂಡೆ. ಬಿಸಿಲು ಏರಿದ ಮೇಲೆ ಅವಳ ಮುಖ ತೊಳೆಯುವಾಗ ಒಂದು ಕೆನ್ನೆ ಗಟ್ಟಿಯಾಗಿರುವಂತೆ ಕಂಡಿತು. ಬೆರಳು ಹಾಕಿ ತೆಗೆದೆ. ಬೆಳಗಿನ ಹೋಳಿಗೆ ಹಾಗೇ ಇತ್ತು. ಜಗಿದು ಜಗಿದು ಬೆಳ್ಳಗಾಗಿ, ಉಂಡೆಯಾಗಿ, ಒಳಗೆ ಇಳಿಯದೆ ಹಾಗೇ ಇತ್ತು.

"ಯಾಕ ನುಂಗಿಲ್ಲ?" ಎಂದೆ.

"ಅದು ಹೋಗಂಗಿಲ್ಲ ಯವ್ವಾ," ಎಂದಳು. ಹಠವಿಲ್ಲ, ಅಳುವಿಲ್ಲ. ಬಾಗಿಲು ಹಾಕಿದೆ, ಅದಕ್ಕೇ ಒಳಗೆ ಹೋಗಲಿಲ್ಲ ಎನ್ನುವಷ್ಟು ಸರಳವಾಗಿ ಹೇಳಿದಳು.

ಮಧ್ಯಾಹ್ನ ಅವಳು ಮಲಗಿದಾಗ ಪಕ್ಕದಲ್ಲಿ ಕೂತೆ. ಹಗಲು ಬೆಳಕಿನಲ್ಲಿ ಅವಳ ನಿದ್ದೆಯನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕತ್ತನ್ನು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಮಲಗಿದ್ದಳು. ಗೊರಕೆ ನಡೆದಿರುವಾಗಲೇ ಒಮ್ಮೆಲೇ ನಿಲ್ಲುತ್ತಿತ್ತು. ಎದೆ ಮೇಲೆ ಕೆಳಗೆ ಆಡುತ್ತಿತ್ತು, ಪಕ್ಕೆಯ ನಡುವಿನ ಚರ್ಮ ಒಳಗೆ ಜಗ್ಗುತ್ತಿತ್ತು, ಆದರೆ ಉಸಿರಿನ ಸದ್ದಿಲ್ಲ. ಆಮೇಲೆ ನೀರಿನಿಂದ ಮೇಲೆ ಬಂದವಳಂತೆ ಒಮ್ಮೆ ಬೆಚ್ಚಿ ಉಸಿರೆಳೆಯುತ್ತಿದ್ದಳು. ಮನೆಯವರನ್ನು ಕರೆದು ತೋರಿಸಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಬಿಟ್ಟರು. ಅವಳು ಎದ್ದು ಆಕಳಿಸುವಾಗ ಮೊಬೈಲಿನ ಟಾರ್ಚು ಹಿಡಿದು ಬಾಯೊಳಗೆ ನೋಡಿದೆವು. ಗಂಟಲಿನ ಎರಡೂ ಬದಿಗೆ ಬೋರೆಹಣ್ಣಿನಂತಹ ಎರಡು ಕೆಂಪು ಗಂಟು, ಒಂದಕ್ಕೊಂದು ಮುಟ್ಟುವುದೊಂದೇ ಬಾಕಿ. ನಡುವೆ ಉಳಿದಿದ್ದು ಒಂದು ಸೀಳು. ಆ ಸೀಳಿನಲ್ಲಿ ನನ್ನ ಮಗಳು ಉಸಿರಾಡಬೇಕು, ಅದರಲ್ಲೇ ನಾನು ಬಡಿದ ಜೋಳದ ರೊಟ್ಟಿಯೂ ಇಳಿಯಬೇಕು.

ಮರುದಿನ ಊಟಕ್ಕೆ ಬಂದ ಒಬ್ಬೊಬ್ಬರನ್ನೂ ಕೇಳಿದೆ. "ನಿಮ್ಮ ಹಂತ್ಯಾಕ ನಮ್ಮ ಹುಡುಗಿ ಎಷ್ಟು ಉಣ್ತಾಳ್ರಿ?"

"ಒಂದು ತುತ್ತು," ಎಂದರು ಖಾಜಾಸಾಬರು. "ಆಮ್ಯಾಲ ಕೊಟ್ರ, ಅವ್ವ ಉಣಿಸ್ಯಾಳ ಸಾಕು ಅಂತಾಳ."

ಕೋರ್ಟಿನ ಗುಮಾಸ್ತ ಶರಣಪ್ಪನವರೂ ಅದನ್ನೇ ಹೇಳಿದರು. "ನನಗ, ಖಾಜಾ ಮಾಮಾ ಕೊಟ್ಟಾನ ಅಂತಾಳ್ರಿ." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಕೈಯಿಂದಲೂ ಒಂದೊಂದು ತುತ್ತು, ಆ ತುತ್ತೂ ಕೆನ್ನೆಯೊಳಗೆ. ಇನ್ನೊಬ್ಬರು ಉಣಿಸಿದ್ದಾರೆ ಎಂದು ಪ್ರತಿಯೊಬ್ಬರೂ ನಂಬಿದ್ದೆವು. ಊರಿಗೆಲ್ಲ ಅನ್ನ ಹಾಕುವ ಮನೆಯ ನಟ್ಟನಡುವೆ ಕೂಸು ಉಪವಾಸವಿತ್ತು. ಅಂದು ಖಾಜಾಸಾಬರು ಅರ್ಧ ಊಟಕ್ಕೇ ಕೈ ತೊಳೆದುಕೊಂಡು ಎದ್ದರು.

ದೇವದುರ್ಗದ ಡಾಕ್ಟರು ನೋಡಿ, ರಾಯಚೂರಿನಲ್ಲಿ ಕಿವಿ ಮೂಗು ಗಂಟಲಿನ ತಜ್ಞರಿಗೆ ತೋರಿಸಿ ಎಂದರು. ಅಲ್ಲಿನ ಡಾಕ್ಟರಮ್ಮ ಗಟ್ಟಿ ಹೆಂಗಸು, ನಮ್ಮ ಕಡೆಯದೇ ಮಾತು. ಬಾಯಿ ನೋಡಿದರು, ಕುತ್ತಿಗೆಯ ಫೋಟೋ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ನಾನು ನಡುವೆ ಬಾಯಿ ಹಾಕಿ, "ಭಾಳ ಹಠಮಾರಿ ಅದಾಳ್ರಿ, ಉಣ್ಣಂಗಿಲ್ಲ," ಎಂದೆ.

"ಹಠ ಅಲ್ರಿ ಇದು," ಎಂದರು. "ಗಂಟಲಾಗ ಟಾನ್ಸಿಲ್ ಬಾತಾವ, ಮೂಗಿನ ಹಿಂದನೂ ಒಂದು ಗಡ್ಡಿ ಬೆಳದದ. ಮೂಗಿನಿಂದ ಉಸಿರು ಬರಂಗಿಲ್ಲ ಅಕಿಗಿ. ಉಸಿರು ತಗೊಳ್ಳೋದೂ ಬಾಯಿಂದ, ಉಣ್ಣೋದೂ ಬಾಯಿಂದ. ನೀವೇ ಮನ್ಯಾಗ ಮೂಗು ಹಿಡ್ಕೊಂಡು ಒಂದು ರೊಟ್ಟಿ ತಿಂದು ನೋಡ್ರಿ, ಗೊತ್ತಾಗ್ತದ."

ಆಪರೇಷನ್ ಮಾಡಿ ಎರಡನ್ನೂ ತೆಗೆಯಬೇಕು, ಆದರೆ ಈಗಲೇ ಅಲ್ಲ ಎಂದರು. ರಕ್ತ ಕಡಿಮೆ, ತೂಕ ಕಡಿಮೆ. ಸಂಕ್ರಾಂತಿಯ ತನಕ ಮಾತ್ರೆ ಔಷಧ ತಪ್ಪದೆ ಕೊಟ್ಟು, ಜ್ವರ ಬರದಂತೆ ಕಾದು, ಮೈ ತುಂಬಿಸಿಕೊಂಡು ಕರೆತನ್ನಿ ಎಂದರು.

"ನುಂಗಾಕ ಬರಲಾರದ ಕೂಸಿನ ಮೈ ಹ್ಯಾಂಗ ತುಂಬಿಸ್ಲಿ ಡಾಕ್ಟರ್ರೀ?"

"ಖಾನಾವಳಿ ನಡಸ್ತೀರಿ ಅಂದ್ರಲ್ಲ, ನಿಮಗಿಂತ ಚಲೋ ಯಾರಿಗಿ ಗೊತ್ತಾಗ್ತದ? ಮೆತ್ತಗ ಮಾಡ್ರಿ, ಸಲ್ಪ ಸಲ್ಪ ಕೊಡ್ರಿ, ಮ್ಯಾಲಿಂದ ಮ್ಯಾಲ ಕೊಡ್ರಿ. ಒಗ್ಗರಣಿ ಘಾಟು, ಕೆಮ್ಮು ನೆಗಡಿ ಇದ್ದ ಮಂದಿ, ಇವೆರಡರಿಂದ ದೂರ ಇಡ್ರಿ. ಒತ್ತಾಯ ಮಾತ್ರ ಮಾಡಬ್ಯಾಡ್ರಿ. ಈಗಾಗ್ಲೇ ತುತ್ತು ಕಂಡ್ರ ಅಂಜಾಕತ್ಯಾಳ."

ಊರಿಗೆ ಬಂದ ದಿನವೇ, ಗಿರಾಕಿಗಳು ಹೋದ ಮೇಲೆ, ಮೂಗು ಹಿಡಿದುಕೊಂಡು ರೊಟ್ಟಿ ತಿನ್ನಲು ಕೂತೆ. ಒಂದು ತುತ್ತು ಹೇಗೋ ಹೋಯಿತು. ಎರಡನೆಯದನ್ನು ಜಗಿಯುವಷ್ಟರಲ್ಲಿ ಉಸಿರಿಗೆ ಬಾಯಿ ಬೇಕಾಯಿತು, ಬಾಯಲ್ಲಿ ರೊಟ್ಟಿ ಇತ್ತು. ಉಗುಳಿಬಿಟ್ಟೆ. ಆಮೇಲೆ ಮನೆಯವರಿಗೆ ಹೇಳಿದೆ, "ಸಂಕ್ರಾಂತಿ ಮಟ ನಾ ಇಲ್ಲಿ ಇರಂಗಿಲ್ಲ. ಕೂಸಿನ್ನ ಕರಕೊಂಡು ಚೀಕಲಪರ್ವಿಗಿ ಹೋಗ್ತೀನಿ."

"ಖಾನಾವಳಿ?"

"ನೀವು ನಡಸ್ರಿ."

"ರೊಟ್ಟಿ?"

"ಓಣ್ಯಾಗ ರೊಟ್ಟಿ ಬಡಿಯೋರು ಭಾಳ ಮಂದಿ ಅದಾರ. ಅಕಿಗಿ ಅವ್ವ ಒಬ್ಬಾಕೇ ಅದಾಳ."

ನಾನು ಒಮ್ಮೆ ಹೇಳಿದರೆ ಮುಗಿಯಿತು ಎನ್ನುವುದು ಅವರಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಚೀಕಲಪರ್ವಿ ನನ್ನ ಗಂಡನ ಊರು, ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿದೆ. ಅಲ್ಲಿ ಭಾವನ ಸಂಸಾರ, ಅವರ ಜೊತೆ ನಮ್ಮ ಅತ್ತೆ ಹುಲಿಗೆವ್ವ. ಗದ್ದೆಯಲ್ಲಿ ಭತ್ತ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು, ಹೊಳೆಯ ಗಾಳಿಗೆ ಬೆಳಿಗ್ಗೆ ಚಳಿ. ಮೊಮ್ಮಗಳನ್ನು ಎತ್ತಿಕೊಂಡ ಅತ್ತೆ ಮೊದಲು ಹೇಳಿದ್ದೇ, "ಒಂದು ತಿಂಗಳು ನನ್ನ ಕೈಯಾಗ ಕೊಡು, ದುಂಡಗ ಮಾಡಿ ಕಳಸ್ತೀನಿ. ಗಂಟಲಾ ಕೊಯ್ಸೋ ಮಾತು ನನ್ನ ಮುಂದ ಆಡಬ್ಯಾಡ. ಕೊಯ್ಸಿದ್ರ ದನಿ ಹೋಗ್ತದ, ನಾಳಿ ಮೂಕಿನ್ನ ಯಾರು ಮಾಡಿಕೊಳ್ತಾರ?"

ಆ ಮನೆಯಲ್ಲಿ ಮಕ್ಕಳಿಗೆಲ್ಲ ಒಂದೇ ದೊಡ್ಡ ಗಂಗಾಳ. ಭಾವನ ಮೂರು ಮಕ್ಕಳು ಸುತ್ತ ಕೂತರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ತಳ ಕಾಣುತ್ತಿತ್ತು, ಅಂಜಲಿ ಇನ್ನೂ ಮೊದಲ ತುತ್ತು ಜಗಿಯುತ್ತಿರುತ್ತಿದ್ದಳು. ಮೊದಲ ದಿನವೇ ಅವಳಿಗೆ ಒಂದು ಸಣ್ಣ ಬಟ್ಟಲು ಬೇರೆ ಮಾಡಿದೆ. "ಕೂಸುಗಳ ನಡುವ ಭೇದ ಮಾಡಾಕತ್ತೀ," ಎಂದು ಅತ್ತೆ ಗೊಣಗಿದರು. ಗೊಣಗಲಿ ಎಂದು ಬಿಟ್ಟೆ. ಭೇದ ಮಾಡಲೆಂದೇ ಬಂದವಳು ನಾನು.

ನುಚ್ಚು ಕುದಿಸಿ ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟೆ. ಹೆಸರುಬೇಳೆ ಅನ್ನ ಮೆತ್ತಗೆ ಮಾಡಿ ತುಪ್ಪ ಹಾಕಿದೆ. ಶೇಂಗಾ ಹುರಿದು ನುಣ್ಣಗೆ ಅರೆದು ಗಂಜಿಗೆ ಬೆರೆಸಿದೆ. ಮೊಟ್ಟೆ, ಬಾಳೆಹಣ್ಣು, ರಾಜಗಿರಿ ಸೊಪ್ಪು, ಎಲ್ಲವೂ ಮೆತ್ತಗೆ, ಎಲ್ಲವೂ ಅಂಗೈಯಷ್ಟು. ಕೊಟ್ಟು ಸುಮ್ಮನೆ ನನ್ನ ಕೆಲಸ ನೋಡುತ್ತಿದ್ದೆ. "ಉಣ್ಣು" ಎನ್ನುವ ಮಾತನ್ನು ನಾಲಿಗೆಯ ತುದಿಯಲ್ಲೇ ಹಿಡಿದು ನಿಲ್ಲಿಸುವುದು ರೊಟ್ಟಿ ಬಡಿಯುವುದಕ್ಕಿಂತ ಕಷ್ಟದ ಕೆಲಸ. ತಾಯಂದಿರಿಗೆ ಗೊತ್ತು.

ಅತ್ತೆಗೆ ಇದೆಲ್ಲ ಆಟದಂತೆ ಕಂಡಿತು. ಒಂದು ಬೆಳಿಗ್ಗೆ ನಾನು ಹೊಳೆಗೆ ಬಟ್ಟೆ ಒಗೆಯಲು ಹೋಗಿ ಬರುವಷ್ಟರಲ್ಲಿ ಅವರು ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ಮೂಗು ಒತ್ತಿ ಹಿಡಿದು ಇನ್ನೊಂದರಲ್ಲಿ ಗಂಜಿ ಹೊಯ್ಯುತ್ತಿದ್ದರು. ಮೂಗು ಹಿಡಿದರೆ ಮಕ್ಕಳು ತಾವೇ ನುಂಗುತ್ತವೆ ಎನ್ನುವುದು ಅವರ ಕಾಲದ ರೂಢಿ, ಅವರ ಮಕ್ಕಳೆಲ್ಲ ಹಾಗೆಯೇ ಬೆಳೆದಿದ್ದರು. ಅಂಜಲಿಯ ತುಟಿ ನೀಲಿಯಾಗಿತ್ತು, ಕೈಕಾಲು ಬಡಿಯುತ್ತಿದ್ದಳು. ಬುಟ್ಟಿ ಎಸೆದು ಓಡಿ ಬಂದು ಕಸಿದುಕೊಂಡೆ, ಬೋರಲು ಹಿಡಿದು ಬೆನ್ನು ಬಡಿದೆ. ಗಂಜಿ ಹೊರಗೆ ಬಂತು, ಉಸಿರು ಬಂತು, ಆಮೇಲೆ ಅಳು ಬಂತು. ಅತ್ತೆ ಗೋಡೆಗೆ ಆತು ಕೂತು, "ನಾ ಉಣಿಸಾಕತ್ತಿದ್ದೆ, ಕೊಲ್ಲಾಕಲ್ಲ," ಎಂದರು.

ಬೈಯಬೇಕೆಂದೇ ಬಾಯಿ ತೆರೆದಿದ್ದೆ. ಅವರ ಮುಖ ನೋಡಿ ಬೈಗುಳ ಬರಲಿಲ್ಲ. ಒಳಗೆ ಹೋಗಿ ಒಂದು ರೊಟ್ಟಿ ತಂದು ಅವರ ಕೈಗಿಟ್ಟೆ. "ಅತ್ತೀ, ಮೂಗು ಹಿಡ್ಕೊಂಡು ಇದನ್ನ ತಿನ್ರಿ."

"ಯಾಕ ಬೇ?"

"ತಿಂದು ನೋಡ್ರಿ. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ."

ಅವರೂ ಹಠದವರೇ. ಮೂಗು ಹಿಡಿದು ತಿನ್ನತೊಡಗಿದರು. ಜಗಿದರು, ನಿಂತರು, ಕಣ್ಣು ಹೊರಗೆ ಬಂದವು. ಮೂಗಿನಿಂದ ಕೈ ತೆಗೆಯಲು ಹೋದರು. "ಕೂಸು ಕೈ ತಗಿಯಾಕ ಬರಂಗಿಲ್ಲ ಅತ್ತೀ, ಅಕಿ ಮೂಗು ಒಳಗಿಂದನೇ ಮುಚ್ಯಾದ," ಎಂದೆ. ಅವರು ಕೈ ತೆಗೆದು, ತುತ್ತನ್ನು ಸೆರಗಿಗೆ ಉಗುಳಿಕೊಂಡರು. ಆಮೇಲೆ ಮೊಮ್ಮಗಳ ಕಾಲು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. "ದಿನಾ ಹಿಂಗ ಬದುಕ್ಯಾದೇನ ಇದು," ಎಂದರು.

ಅಂದಿನಿಂದ ಮನೆಯಲ್ಲಿ ನನಗಿಂತ ಕಟ್ಟುನಿಟ್ಟು ಅವರೇ. ಯಾರಾದರೂ ನೆರೆಯವರು ಬಂದು "ಉಣ್ಣಲೇ ಹುಡುಗಿ" ಎಂದರೆ ಸಾಕು, ಅವರನ್ನು ಅಂಗಳ ದಾಟಿಸಿಯೇ ಬರುತ್ತಿದ್ದರು. ಕೆಮ್ಮುವ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ. ಅಂಜಲಿ ಬಟ್ಟಲು ಹಿಡಿದು ಕೂತರೆ ತಾವೂ ಪಕ್ಕದಲ್ಲಿ ಬಟ್ಟಲು ಹಿಡಿದು ಕೂತು, ಅವಳಷ್ಟೇ ನಿಧಾನವಾಗಿ ಅದೇ ನುಚ್ಚು ಉಣ್ಣುತ್ತಿದ್ದರು. ಅವಳ ಕಡೆ ನೋಡುತ್ತಲೂ ಇರಲಿಲ್ಲ. ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಮುಳ್ಳು ಮೊದಲ ಸಲ ಅಲುಗಲಿಲ್ಲ. ಎರಡನೆಯ ಸಲ ಕೂದಲೆಳೆಯಷ್ಟು ಸರಿಯಿತು. ಮೂರನೆಯ ಸಲ ನಾನು ಹೇಳುವ ಮೊದಲೇ ಅತ್ತೆ ಓಣಿಗೆಲ್ಲ ಹೇಳಿ ಬಂದಿದ್ದರು.

ಸಂಕ್ರಾಂತಿಗೆ ವಾರವಿದೆ ಎನ್ನುವಾಗ ಜ್ವರ ಬಂತು. ಗಂಟಲು ಮತ್ತೆ ಕೆಂಪಾಗಿ, ನೀರು ಕೂಡ ಇಳಿಯದಂತಾಗಿ, ಕಷ್ಟಪಟ್ಟು ಏರಿಸಿದ ತೂಕ ನೋಡನೋಡುತ್ತ ಇಳಿಯಿತು. ಮಾನ್ವಿಯ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿಸಿದೆವು. ಆಪರೇಷನ್ ಮುಂದಕ್ಕೆ ಹೋಯಿತು. ಮನೆಯವರು ಫೋನಿನಲ್ಲಿ, "ಸಾಕು ಮಾಡೋಣೇನ? ದೊಡ್ಡಾಕಿ ಆದಮ್ಯಾಲ ತಾನೇ ಹೋಗ್ತದಂತ, ಮಂದಿ ಹೇಳ್ತಾರ," ಎಂದರು. ಅವರದೂ ತಪ್ಪಲ್ಲ, ಅವರು ಅಂಜಿದ್ದರು. ನಾನೂ ಅಂಜಿದ್ದೆ. ಆದರೆ ಸಲಾಯಿನ್ ಹಚ್ಚಿದ ಆ ಸಣ್ಣ ಕೈಯನ್ನು ನೋಡುತ್ತ ನನಗೆ ಬಂದಿದ್ದು ಸಿಟ್ಟು. ಆ ಎರಡು ಗಂಟುಗಳ ಮೇಲೆ ಮನುಷ್ಯರ ಮೇಲೆ ಬರುವಂಥ ಸಿಟ್ಟು. "ದೊಡ್ಡಾಕಿ ಆಗಾಕ ಉಣಬೇಕಲ್ರಿ," ಎಂದು ಫೋನಿಟ್ಟೆ. ಜ್ವರ ಇಳಿದ ದಿನದಿಂದ ಮತ್ತೆ ಮೊದಲಿನಿಂದ ಶುರು ಮಾಡಿದೆವು, ನುಚ್ಚು, ಗಂಜಿ, ಅಂಗೈಯಷ್ಟು.

ಮಾಘದ ಬಿಸಿಲು ಬಿರುಸಾಗುವ ಹೊತ್ತಿಗೆ ರಾಯಚೂರಿನಲ್ಲಿ ಆಪರೇಷನ್ ಆಯಿತು. ಮನೆಯವರು ಖಾನಾವಳಿ ಮುಚ್ಚಿ ಬಂದಿದ್ದರು, ಅತ್ತೆಯೂ ಬರುತ್ತೇನೆಂದು ಹಠ ಹಿಡಿದು ಬಂದಿದ್ದರು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನಾವು ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೊರಗೆ ತಂದಾಗ ಅಂಜಲಿ ಬೆಳ್ಳಗೆ ಬಿಳುಚಿಕೊಂಡಿದ್ದಳು. ಎಚ್ಚರಾದ ಮೇಲೂ ಬಾಯಿ ಬಿಡಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು, ಆ ಹಿಡಿತದಲ್ಲೇ ಅವರ ಮಾತೆಲ್ಲ ಇತ್ತು. ಸಂಜೆಯ ಹೊತ್ತಿಗೆ ಒಂದು ತೆಳುವಾದ, ನಾವು ಯಾವತ್ತೂ ಕೇಳಿರದ ದನಿ ಬಂತು.

"ನೀರು."

ಮೂಗಿನಲ್ಲಿ ಮಾತಾಡುತ್ತಿದ್ದ ನಮ್ಮ ಹುಡುಗಿಯ ದನಿ ಅದಲ್ಲ. "ಬ್ಯಾರೆ ಯಾರದೋ ದನಿ ಹಾಕ್ಯಾರ," ಎಂದು ಅತ್ತೆ ಅಳತೊಡಗಿದರು. "ಅಜ್ಜೀ, ಯಾಕ ಅಳ್ತಿ," ಎಂದಿತು ಅದೇ ದನಿ. ಅತ್ತೆ ಅಳುತ್ತಲೇ ನಕ್ಕರು. ಮರುದಿನ ನರ್ಸು ಐಸ್‌ಕ್ರೀಮ್ ಕೊಡಿ ಎಂದಾಗ ಮಾತ್ರ ಅವರಿಗೆ ಈ ಆಸ್ಪತ್ರೆಯ ಮೇಲೆ ನಂಬಿಕೆಯೇ ಹೋಯಿತು. ಹುಷಾರಿಲ್ಲದ ಕೂಸಿಗೆ ತಣ್ಣಗಿನದು ಕೊಡುವುದನ್ನು ನೋಡಲಾರದೆ ವರಾಂಡಕ್ಕೆ ಹೋಗಿ ಕೂತರು.

ಮಧ್ಯಾಹ್ನ ಅಂಜಲಿ ಮಲಗಿದಾಗ ನಾನು ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರಾಡುತ್ತಿದ್ದಳು. ಬಾಯಿ ಮುಚ್ಚಿತ್ತು, ಸದ್ದೇ ಇರಲಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ಅದಕ್ಕೂ ಮೊದಲು ನಾನು ಯಾವಾಗ ನೋಡಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ಆಗ ನನಗೆ ಅಳು ಬಂತು. ಮನಸ್ಸಿಗೆ ಬಂದಷ್ಟು ಅತ್ತುಬಿಟ್ಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ದೇವದುರ್ಗಕ್ಕೆ ಮರಳಿದೆವು. ನೋವಿನ ದಿನಗಳು ಕಳೆದವು, ಗಾಯ ಮಾಯಿತು, ಗಂಜಿ ನುಚ್ಚು ಅನ್ನ ಎಲ್ಲ ಸರಾಗವಾಗಿ ಇಳಿಯತೊಡಗಿತು. ಆದರೆ ಗಟ್ಟಿಯಾದದ್ದು ಯಾವುದನ್ನು ಬಾಯಿಗಿಟ್ಟರೂ ಅವಳು ಜಗಿದು ಜಗಿದು ಮೊದಲಿನಂತೆ ಕೆನ್ನೆಗೆ ಸೇರಿಸುತ್ತಿದ್ದಳು. ಬಾಗಿಲು ತೆರೆದಿತ್ತು, ಅದು ಮುಚ್ಚಿದೆ ಎಂದೇ ಅವಳು ನಂಬಿದ್ದಳು. ಖಾನಾವಳಿಯಲ್ಲಿ ಕಟ್ಟಪ್ಪಣೆ ಮಾಡಿದೆ. ಇನ್ನು ಮೇಲೆ ಯಾರೂ ನನ್ನ ಮಗಳಿಗೆ ತುತ್ತು ಕೊಡುವಂತಿಲ್ಲ, ಉಂಡೆಯಾ ಎಂದು ಕೇಳುವಂತೆಯೂ ಇಲ್ಲ. ಖಾಜಾಸಾಬರಿಗೆ ಬಹಳ ಕಷ್ಟವಾಯಿತು. ಅವಳು ಹತ್ತಿರ ಬಂದರೆ ರೊಟ್ಟಿಯನ್ನು ಕೈಯಿಂದ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ದಿನಗಳು ಹೋದವು. ಅಂಜಲಿ ನುಚ್ಚಿನ ಬಟ್ಟಲು ಬಿಟ್ಟು ಈಚೆ ಬರಲಿಲ್ಲ. ಬಡಿದ ರೊಟ್ಟಿಯಲ್ಲಿ ಒಂದು ಚೂರೂ ಅವಳೊಳಗೆ ಹೋಗದ ಮೇಲೆ ಅಷ್ಟೆಲ್ಲ ಬಡಿದು ಏನು ಬಂತು ಎಂದು ಒಮ್ಮೊಮ್ಮೆ ಹಂಚಿನ ಮುಂದೆಯೇ ಬೇಸರವಾಗುತ್ತಿತ್ತು.

ಮತ್ತೆ ತೋರಿಸಲು ರಾಯಚೂರಿಗೆ ಹೋದೆವು. ನಾನು, ಮಗಳು ಇಬ್ಬರೇ. ಡಾಕ್ಟರಮ್ಮ ಗಂಟಲು ನೋಡಿ, "ಎಲ್ಲಾ ಮಾಯ್ದದ. ಈಗ ಏನು ಬೇಕಾದ್ರೂ ಉಣಬಹುದು," ಎಂದರು. "ಮತ್ತ ಯಾಕ ಉಣವಲ್ಲಳು?" ಎಂದೆ. "ನಿಮಗ ಗಡಿಬಿಡಿ ಅದ, ಅಕಿಗಿ ಇಲ್ಲ. ನೀವು ಅಕಿ ಬಾಯಿ ಕಡಿ ನೋಡೋದು ಬಿಡ್ರಿ," ಎಂದರು. ಬಿಡಿ ಎಂದರೆ ಬಿಟ್ಟುಬಿಡುವುದು ಅಷ್ಟು ಸುಲಭವೇ ಎಂದು ಮನಸ್ಸಿನಲ್ಲೇ ಅವರ ಜೊತೆ ಜಗಳವಾಡುತ್ತ ಬಸ್ಸು ಹತ್ತಿದೆ.

ದಾರಿಯ ಮೇಲಿನ ಕಲ್ಮಲದಲ್ಲಿ ಮೆಣಸಿನಕಾಯಿ ಬಿಡಿಸಲು ಬಂದಿದ್ದ ಹೆಣ್ಣುಮಕ್ಕಳು ಹತ್ತಿದರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲ್ಲು, ಮೈಯೆಲ್ಲ ಮೆಣಸಿನಕಾಯಿಯ ವಾಸನೆ. ಬಸ್ಸಿನ ಅರ್ಧ ಜನ ಸೀನಿದರು. ಒಬ್ಬಳು ನಮ್ಮ ಸೀಟಿನಲ್ಲಿ ಒತ್ತಿಕೊಂಡು ಕೂತು, ಬುತ್ತಿಯ ಗಂಟು ಬಿಚ್ಚಿದಳು. ಮಧ್ಯಾಹ್ನ ಉಳಿದ ಖಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಪಕ್ಕದಲ್ಲಿ ಕೂತವರಿಗೆ ಕೊಡದೆ ಬುತ್ತಿ ಬಿಚ್ಚುವ ರೂಢಿ ನಮ್ಮ ಕಡೆ ಇಲ್ಲ. ಮುರಿದು ನನಗೊಂದು ಚೂರು ಕೊಟ್ಟಳು, ಅಂಜಲಿಗೊಂದು ಚೂರು ಕೊಟ್ಟಳು, ಹಿಂದಿನ ಸೀಟಿನವಳ ಜೊತೆ ನೀರಿನ ನಲ್ಲಿಯ ಜಗಳ ಮುಂದುವರಿಸಿದಳು. ನಾವು ತಿಂದೆವೋ ಬಿಟ್ಟೆವೋ, ಅವಳಿಗೆ ಅದರ ಚಿಂತೆ ಇರಲಿಲ್ಲ.

ತಡೆಯಲು ಕೈ ಎತ್ತಿದ್ದೆ. ಗಂಟಲಿಗೆ ಚುಚ್ಚುತ್ತದೆ, ಖಾರವಿದೆ, ಸಿಕ್ಕಿಕೊಂಡರೆ ಬಸ್ಸಿನಲ್ಲಿ ಏನು ಮಾಡಲಿ. ಎತ್ತಿದ ಕೈಯನ್ನು ಮಡಿಲಿಗೆ ತಂದು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಮುಖವನ್ನು ಕಿಟಕಿಗೆ ತಿರುಗಿಸಿದೆ. ಹೊರಗೆ ಹೊಲದ ತುಂಬ ಒಣಹಾಕಿದ ಮೆಣಸಿನಕಾಯಿ, ಕಣ್ಣು ಕುಕ್ಕುವಷ್ಟು ಕೆಂಪು. ಪಕ್ಕದಲ್ಲಿ ಕಟಕ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಕೆನ್ನೆಗೆ ಸೇರಿಸಿದಳು ಎಂದುಕೊಂಡೆ. ತಿರುಗಿ ನೋಡಬಾರದು ಎಂದು ಹಲ್ಲು ಕಚ್ಚಿದೆ. ಮತ್ತೆ ಕಟಕ್ ಎಂದಿತು. ಮತ್ತೆ. ಕಣ್ಣಂಚಿನಲ್ಲಿ ಅವಳ ಸಣ್ಣ ಗಂಟಲು ಮೇಲೆದ್ದು ಕೆಳಗಿಳಿಯಿತು. ಅವಳು ಖಾರಕ್ಕೆ ಸೊರ್ ಎಂದು ಮೂಗಿನಿಂದ ಉಸಿರೆಳೆದು, ಆ ಹೆಣ್ಣುಮಗಳ ಮುಂದೆ ಮತ್ತೆ ಕೈ ಚಾಚಿದಳು. ಆಕೆ ಮಾತಿನ ನಡುವೆಯೇ ಇನ್ನೊಂದು ಚೂರು ಇಟ್ಟಳು. ಅದೂ ಇಳಿಯಿತು.

ಆಮೇಲೆ ಅಂಜಲಿ ನನ್ನ ಸೆರಗು ಜಗ್ಗಿದಳು. "ಯವ್ವಾ," ಎಂದಳು ಬಸ್ಸಿಗೆಲ್ಲ ಕೇಳುವಂತೆ, "ಇಕಿ ರೊಟ್ಟಿ ನಿನ್ನ ರೊಟ್ಟಿಗಿಂತ ಭಾಳ ಚಲೋ ಅದ."

ಆ ಹೆಣ್ಣುಮಗಳು ಮಾತು ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. "ಹಂಗ ಅನಬಾರದವ್ವಾ, ನಿಮ್ಮವ್ವಗ ಸಿಟ್ಟು ಬರ್ತದ," ಎಂದು ನನ್ನ ಕಡೆ ನೋಡಿದಳು. ನನ್ನ ಕಣ್ಣು ತುಂಬಿದ್ದು ಕಂಡು ಇನ್ನಷ್ಟು ಗಾಬರಿಯಾದಳು.

"ಅನ್ಲಿ ಬಿಡ್ರಿ," ಎಂದೆ. "ಇನ್ನೊಂದು ಚೂರು ಇದ್ರ ಕೊಡ್ರಿ ಅಕಿಗಿ."